ಒಂಟಿ ಸೀಟಿನ ಇಟಲಿ ಗಾಡಿ

ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ, ಬಿ.ಪಿ.ಗೆ ಮಾತ್ರೆ ಇದೆ, ದಾಕ್ಷಿಣ್ಯಕ್ಕೆ ಇನ್ನೂ ಯಾವ ಪುಣ್ಯಾತ್ಮನೂ ಮಾತ್ರೆ ಕಂಡುಹಿಡಿದಿಲ್ಲ. ನಮ್ಮ ಬಸವನಗುಡಿಯಲ್ಲಿ ಈ ಕಾಯಿಲೆ ಮನೆಗೊಬ್ಬರಿಗಾದರೂ ಇದೆ. ನನ್ನ ಎದುರುಮನೆಯ ಮಧುಸೂದನನಿಗೆ ಅದು ಕೈಮೀರಿ ಹೋಗಿತ್ತು. 'ಆಗಲ್ಲ' ಎಂಬ ಮೂರಕ್ಷರ ಅವನ ಬಾಯಿಂದ ಹೊರಬಿದ್ದಿದ್ದನ್ನು ನಲವತ್ತೇಳು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಮದುವೆಮನೆಯಲ್ಲಿ ಉಂಡು ಕೈ ತೊಳೆದು ಬಂದವನನ್ನು 'ಎರಡನೇ ಪಂಕ್ತಿಗೆ ಜನ ಕಡಿಮೆ ಇದಾರೆ, ಕೂತ್ಬಿಡಿ' ಎಂದು ಯಾರಾದರೂ ಕರೆದರೆ ಇನ್ನೊಂದು ಸಲ ಉಂಡು ಬರುವ ಪೈಕಿ.

ಅವನ ಹತ್ತಿರ ಒಂದು ಹಳೇ ಸ್ಕೂಟರ್ ಇತ್ತು. ದಿನಾ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಅದನ್ನು ಹತ್ತಿ ಕೆಂಪೇಗೌಡ ರಸ್ತೆಯಲ್ಲಿದ್ದ ತನ್ನ ಕಚೇರಿಗೆ ಹೊರಡುತ್ತಿದ್ದ. ಹೊರಡುತ್ತಿದ್ದ ಎಂದೆನೇ ಹೊರತು ಒಬ್ಬನೇ ಹೊರಡುತ್ತಿದ್ದ ಎನ್ನಲಿಲ್ಲ, ಗಮನಿಸಿ. ರಸ್ತೆಯ ತಿರುವಿನಲ್ಲಿ ವೀರಭದ್ರಯ್ಯನವರು ನಿಂತಿರುತ್ತಿದ್ದರು. ಎಪ್ಪತ್ತು ದಾಟಿದ ಹಿರಿಯರು, ಚಿಕ್ಕಪೇಟೆಯಲ್ಲಿ ಮೂರು ತಲೆಮಾರಿನ ಸೀರೆ ಅಂಗಡಿ, ಬಿಳೀ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಊಟದ ಚೀಲ. ಅವರನ್ನು ಚಿಕ್ಕಪೇಟೆಯ ಮೂಲೆಯಲ್ಲಿ ಇಳಿಸಿಯೇ ಇವನು ಮುಂದಕ್ಕೆ ಹೋಗಬೇಕು. ಗುರುವಾರ ಬಂದರೆ ನಮ್ಮ ಸಾಲಿನ ಕೊನೆಮನೆಯ ಸುಂದರಮ್ಮನವರನ್ನು ಮೊದಲು ಮಠಕ್ಕೆ ಬಿಟ್ಟು, ವಾಪಸು ಬಂದು, ಆಮೇಲೆ ವೀರಭದ್ರಯ್ಯನವರು. ಹೀಗೆ ಗುರುವಾರ ಎರಡು ಟ್ರಿಪ್ಪು.

ಯಾರೂ ಕೈ ಅಡ್ಡ ಹಿಡಿಯಬೇಕಾಗಿಯೂ ಇರಲಿಲ್ಲ. ರಸ್ತೆಬದಿಯಲ್ಲಿ ಪರಿಚಯದ ಮುಖ ಕಂಡರೆ ಸಾಕು, ಅವನ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು, ಬಾಯಿ ತಾನಾಗಿ 'ಬನ್ನಿ, ಬಿಡ್ತೀನಿ' ಎನ್ನುತ್ತಿತ್ತು. ಆಮೇಲೆ ನನ್ನ ಹತ್ತಿರ ಬಂದು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ. ನಾನು ಅಂಥವನಲ್ಲ. ಚಾಮರಾಜಪೇಟೆಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚು ಮಾಡುವ ಪ್ರೆಸ್ಸಿದೆ. ಸಂಜೆ ಅವನು ಮನೆಗೆ ಬರುವಾಗ ಮಾತ್ರ, ಅದೂ ವಾರಕ್ಕೆ ಆರೇ ದಿನ, ಅವನ ಹಿಂದೆ ಕೂತು ಬರುತ್ತಿದ್ದೆ.

ಹೋದ ಆಷಾಢದಲ್ಲಿ ಒಂದು ಸಂಜೆ ಪ್ರೆಸ್ಸಿನ ಮುಂದೆ ಸ್ಕೂಟರ್ ನಿಲ್ಲಿಸಿ, "ಶ್ರೀಹರಿ, ಇನ್ನು ನನ್ನ ಕೈಲಾಗಲ್ಲ ಕಣೋ. ಹದಿನೆಂಟು ವರ್ಷ ಆಯ್ತು. ನಾನು ಸೂಪರಿಂಟೆಂಡೆಂಟೋ, ಸಿಟಿ ಬಸ್ಸೋ?" ಎಂದು ಅಳುವ ಹಾಗೆ ಕೇಳಿದ.

"ಆಗಲ್ಲ ಅಂತ ಹೇಳ್ಬಿಡು."

"ಯಾರಿಗೆ? ವೀರಭದ್ರಯ್ಯನವರಿಗಾ? ಆ ಮುಖ ನೋಡ್ಕೊಂಡು? ನಾಲಿಗೆ ಬಿದ್ದುಹೋಗಲ್ವಾ?"

"ಹಾಗಾದ್ರೆ ಮೆಟ್ರೋದಲ್ಲಿ ಹೋಗು."

"ನಿಮ್ಮ ಸ್ಕೂಟರ್ ಮನೇಲಿ ಖಾಲಿ ನಿಂತಿದೆಯಲ್ಲ ಮಧೂ, ಸ್ವಲ್ಪ ಕೊಡಿ ಅಂತಾರೆ."

"ಕಾರು ತಗೋ."

"ನಾಲ್ಕು ಸೀಟು!" ಎಂದು ಕಿರುಚಿದ.

"ಸೈಕಲ್ಲು?"

"ಕ್ಯಾರಿಯರ್ ಇರುತ್ತೆ. ಸುಂದರಮ್ಮನೋರು ಕೂತ್ರೂ ಕೂತಾರೇ."

ಅವನ ತಲೆಯಲ್ಲಿ ಏನೋ ಬೆಂದು ತಯಾರಾಗಿದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಜೇಬಿನಿಂದ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ. ಕೆಂಪು ಬಣ್ಣದ ಮೋಟರ್‌ಸೈಕಲ್ಲು. ಇಟಲಿಯದು, ರೇಸಿಗೆ ಓಡಿಸುವಂಥದು, ಸೆಕೆಂಡ್ ಹ್ಯಾಂಡ್, ಕೊಂಡವನು ಅದಕ್ಕೆ ತನಗೆ ಬೇಕಾದ ಹಾಗೆ ಏನೇನೋ ಮಾಡಿಸಿದ್ದಾನೆ ಎಂದು ಕೆಳಗೆ ಬರೆದಿತ್ತು. ಮಧುಸೂದನ ಚಿತ್ರದ ಹಿಂಭಾಗದ ಮೇಲೆ ಬೆರಳಿಟ್ಟ. ಅಲ್ಲಿ ಸೀಟಿರಲಿಲ್ಲ. ಸೀಟಿನ ಜಾಗದಲ್ಲಿ ಚೂಪಾದ ಕೆಂಪು ಮುಚ್ಚಳ ಆಕಾಶ ನೋಡುತ್ತಿತ್ತು.

"ಸೀಟೇ ಇಲ್ಲದೇ ಇದ್ರೆ ನಾನು ಯಾರಿಗೂ ಏನೂ ಹೇಳ್ಬೇಕಾಗಿಲ್ಲ," ಎಂದ. "ಗಾಡಿ ಬಂದಿರೋದೇ ಹಾಗೆ. ನನ್ನ ತಪ್ಪಿಲ್ಲ."

ಮೂರಕ್ಷರ ಹೇಳುವ ಕಷ್ಟ ತಪ್ಪಿಸಿಕೊಳ್ಳಲು ಮನುಷ್ಯ ಇಟಲಿಯ ತನಕ ಹೋಗುತ್ತಾನೆಂದು ನನಗೆ ಗೊತ್ತಾಗಿದ್ದು ಅವತ್ತೇ.

ಅವನು ಅದೇ ವಾರ ಸ್ಕೂಟರ್ ಮಾರಿಬಿಟ್ಟ. ಭಾನುವಾರ ಇಬ್ಬರೂ ಬಿನ್ನಿಪೇಟೆಗೆ ಹೋದೆವು. ಹಳೇ ಬಟ್ಟೆ ಗಿರಣಿ ಇದ್ದ ಕಡೆ ಈಗ ಎದ್ದಿರುವ ದೊಡ್ಡ ದೊಡ್ಡ ಫ್ಲ್ಯಾಟುಗಳಲ್ಲಿ ಒಂದರ ನೆಲಮಾಳಿಗೆಯಲ್ಲಿ ಗಾಡಿ ನಿಂತಿತ್ತು. ಪಕ್ಕದಲ್ಲಿ ಅದರ ಒಡೆಯ ಕಶ್ಯಪ್. ಇಪ್ಪತ್ತಾರರ ಹುಡುಗ, ಎರಡೂ ತೋಳಿನ ಮೇಲೆ ಹಚ್ಚೆ, ನಮ್ಮಿಬ್ಬರನ್ನು ನೋಡಿ ಯಾರದೋ ಮನೆ ಹುಡುಕಿಕೊಂಡು ಬಂದವರೆಂದು ಲಿಫ್ಟಿನ ಕಡೆ ಕೈ ತೋರಿಸಿದ. ಗಾಡಿ ನೋಡಲು ಬಂದವರೆಂದು ತಿಳಿದಾಗ ನನ್ನ ಪಂಚೆಯನ್ನೂ ಮಧುಸೂದನನ ನರೆಯನ್ನೂ ಒಂದೊಂದಾಗಿ ನೋಡಿದ.

"ಅಂಕಲ್, ಟ್ರ್ಯಾಕಲ್ಲಿ ಓಡಿಸ್ತೀರಾ?"

"ಇಲ್ಲಪ್ಪ, ಗಾಂಧಿ ಬಜಾರಲ್ಲಿ."

ಹುಡುಗ ಗಾಡಿಯ ಗುಣಗಾನ ಶುರು ಮಾಡಿದ. ಸೈಲೆನ್ಸರ್ ಬದಲಾಯಿಸಿದ್ದಾನಂತೆ, ಹ್ಯಾಂಡಲ್ ಇಳಿಸಿದ್ದಾನಂತೆ, ಕಾಲಿಡುವ ಜಾಗ ಹಿಂದಕ್ಕೆ ಸರಿಸಿದ್ದಾನಂತೆ. ಸದ್ದು ಕೇಳಿಸುತ್ತೇನೆಂದು ಒಂದು ಸಲ ಸ್ಟಾರ್ಟ್ ಮಾಡಿದ. ಶಿವಶಿವಾ! ನೆಲಮಾಳಿಗೆಯಲ್ಲಿದ್ದ ಅಷ್ಟೂ ಕಾರುಗಳು ಕೂಗಿಕೊಂಡವು. ವಾಚ್‌ಮನ್ ಓಡಿ ಬಂದ. ಮಧುಸೂದನ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಗಾಡಿಯ ಹಿಂಭಾಗವನ್ನೇ ಸವರುತ್ತಾ ನಿಂತಿದ್ದ.

"ಒಂದೇ ಒಂದು ಮೈನಸ್ಸು ಅಂಕಲ್," ಎಂದ ಕಶ್ಯಪ್ ತಲೆ ಕೆರೆದುಕೊಳ್ಳುತ್ತಾ. "ಹಿಂದಿನ ಸೀಟು ತೆಗ್ಸಿದೀನಿ. ನಾಲ್ಕೂವರೆ ಲಕ್ಷ ಹೇಳಿರೋದು. ಬಂದೋರೆಲ್ಲ ಸೀಟಿಲ್ಲ ಅಂತ ನಾಲ್ಕಕ್ಕೆ ಕೇಳ್ತಾರೆ."

"ಅದಕ್ಯಾಕೆ ಕಡಿಮೆ ಮಾಡ್ತೀರಾ?" ಎಂದ ಮಧುಸೂದನ. "ಅದಕ್ಕೆ ಜಾಸ್ತಿ ಕೊಡ್ಬೇಕು. ಶ್ರೀಹರಿ, ಕೂತ್ಕೊ."

"ಎಲ್ಲಿ?"

"ಹಿಂದೆ."

ನಾನು ಆ ಚೂಪು ಮುಚ್ಚಳ ಹತ್ತಿ ಕೂತೆ, ಜಾರಿದೆ. ಪಂಚೆಯನ್ನು ಎತ್ತಿ ಕಟ್ಟಿ ಇನ್ನೊಮ್ಮೆ ಕೂತೆ, ಆ ಕಡೆಯಿಂದ ಜಾರಿದೆ. ಮೂರನೇ ಸಲ ಮಧುಸೂದನನನ್ನು ಮುಂದೆ ಕೂರಿಸಿ, ಅವನ ಸೊಂಟ ತಬ್ಬಿಕೊಂಡು ಕೂತೆ, ಅವನನ್ನೂ ಎಳೆದುಕೊಂಡು ಬಿದ್ದೆ. ಮಧುಸೂದನನ ಮುಖದಲ್ಲಿ ಅಂಥ ಆನಂದವನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ನೆಲದ ಮೇಲೆ ಬಿದ್ದಲ್ಲಿಂದಲೇ "ವ್ಯಾಪಾರ ಆಯ್ತು" ಎಂದ. ಹುಡುಗ ಹೇಳಿದಷ್ಟು ಬೆಲೆಯನ್ನು ಒಂದು ಪೈಸೆ ಚೌಕಾಸಿಯಿಲ್ಲದೆ ಕೊಟ್ಟ. ಕಶ್ಯಪ್ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್‌ಗೆ ಮನೇಲಿ ಏನಾದ್ರೂ ಪ್ರಾಬ್ಲಮ್ಮಾ?" ಎಂದು ಕೇಳಿದ. ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಮುಂದೆ ಊರೆಲ್ಲ ಕೇಳುವುದಿತ್ತು.

ಬಿನ್ನಿಪೇಟೆಯಿಂದ ಬಸವನಗುಡಿಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ಅವನಿಗೆ ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗಲು ಧೈರ್ಯ ಬರಲಿಲ್ಲ. ನಾನು ಹಿಂದೆ ಆಟೋದಲ್ಲಿ ಬಂದೆ. ಆ ಗಾಡಿಯ ಮೇಲೆ ಕೂತವನು ಸೊಂಟ ಬಗ್ಗಿಸಿ ಹೊಟ್ಟೆಯ ಮೇಲೆ ಮಲಗಬೇಕಾದ್ದರಿಂದ, ದಾರಿಯಲ್ಲಿ ಸಿಕ್ಕ ಹಿರಿಯರಿಗೆಲ್ಲ ಅವನು ನಮಸ್ಕಾರ ಮಾಡಿಕೊಂಡು ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಒಬ್ಬರು ಕೈಯೆತ್ತಿ ಆಶೀರ್ವಾದವನ್ನೂ ಮಾಡಿದರು.

ಸದ್ದು ಕೇಳಿ ನಮ್ಮ ಅಡ್ಡರಸ್ತೆಯ ಜನ ಎಲ್ಲ ಹೊರಗೆ ಬಂದಿದ್ದರು. ಮಧುಸೂದನನ ಹೆಂಡತಿ ಸುಪ್ರಜಾ ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಂಡ ಹೊಸ ಗಾಡಿ ತರುತ್ತಾನೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಕುಂಕುಮ ಹಚ್ಚಿ ಆಯಿತು. ಅಷ್ಟರಲ್ಲಿ ಸುಂದರಮ್ಮನವರು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ ಬಂದು ಹಿಂದೆ ನಿಂತರು. ಎಪ್ಪತ್ತನಾಲ್ಕಾದರೂ ಕಣ್ಣು ಚುರುಕು.

"ಮಧೂ, ಇದಕ್ಕೆ ಹಿಂದುಗಡೆ ಸೀಟೇ ಇಲ್ವಲ್ಲೋ."

"ಇಲ್ಲ ಸುಂದರಮ್ಮನೋರೆ. ಗಾಡಿನೇ ಹಾಗೆ."

"ಮತ್ತೆ ಸುಪ್ರಜಾ ಎಲ್ಲಿ ಕೂತ್ಕೋತಾಳೋ?"

ನೋಡಿ, ಈ ಪ್ರಶ್ನೆಯನ್ನು ಅವನು ಯೋಚಿಸಿಯೇ ಇರಲಿಲ್ಲ. ಸುಂದರಮ್ಮ ಎಲ್ಲಿ ಕೂರಬಾರದು, ವೀರಭದ್ರಯ್ಯ ಎಲ್ಲಿ ಕೂರಬಾರದು, ನಾನು ಎಲ್ಲಿ ಕೂರಬಾರದು ಎಂದೆಲ್ಲ ಲೆಕ್ಕ ಹಾಕಿದ್ದನೇ ಹೊರತು ಹೆಂಡತಿ ಎಲ್ಲಿ ಕೂರಬೇಕು ಎಂಬುದು ಅವನ ಪಠ್ಯದಲ್ಲಿರಲಿಲ್ಲ. ಬಾಯಿ ತೆರೆದ. 'ನಿಮ್ಮಿಂದ ತಪ್ಪಿಸಿಕೊಳ್ಳೋಕೆ ತಂದಿದ್ದು ತಾಯಿ' ಎಂದು ಆ ಮುದುಕಿಯ ಮುಖಕ್ಕೆ ಹೇಗೆ ಹೇಳುತ್ತಾನೆ? ಬಾಯಿ ಮುಚ್ಚಿದ. ನೆಲ ನೋಡಿದ. ಸುಪ್ರಜಾ ಆರತಿ ತಟ್ಟೆಯನ್ನು ಗಾಡಿಯ ಮೇಲೇ ಇಟ್ಟು ಒಳಗೆ ಹೋದಳು.

ಅಷ್ಟು ಸಾಕಾಯಿತು. ಆವತ್ತು ಸಂಜೆಗೆ 'ಗಂಡ ಹೆಂಡತಿಗೆ ಮಾತಿಲ್ಲವಂತೆ' ಎಂದಾಯಿತು. ಸೋಮವಾರಕ್ಕೆ 'ಆರು ತಿಂಗಳಿಂದ ಇಲ್ಲವಂತೆ' ಎಂದಾಯಿತು. ಮಂಗಳವಾರ 'ಬೇರೆ ಬೇರೆ ಅಡುಗೆಯಂತೆ'. ಬುಧವಾರ ಹೂವಿನವಳು ನರಸಮ್ಮ ನನ್ನ ಹೆಂಡತಿಗೆ, "ಆವಪ್ಪ ಒಂದೇ ಸೀಟಿನ ಗಾಡಿ ತಂದವ್ನಂತಲ್ಲಮ್ಮ, ಆಯಮ್ಮನ್ನ ಬಿಟ್ಬುಟ್ಟಂಗೇ ಅಲ್ವಾ?" ಎಂದು ಮೊಳ ಹಾಕುತ್ತಾ ತೀರ್ಪು ಕೊಟ್ಟಳು. ನಮ್ಮ ಕಡೆ ಗಂಡಸು ಕುಡಿದರೆ ಕ್ಷಮೆ ಇದೆ, ಇಸ್ಪೀಟಾಡಿದರೆ ಕ್ಷಮೆ ಇದೆ. ಹೆಂಡತಿಗೆ ಜಾಗವಿಲ್ಲದ ಗಾಡಿ ತಂದರೆ ಅದಕ್ಕಿಂತ ಬೇರೆ ಸಾಕ್ಷಿ ಯಾಕೆ?

ಸುಂದರಮ್ಮನವರು ಗಂಟೆಗೊಮ್ಮೆ ಮನೆಯೊಳಗೆ ಇಣುಕತೊಡಗಿದರು. ಬರಿಗೈಯಲ್ಲಿ ಬರುವವರಲ್ಲ. ಬೇರೆ ಬೇರೆ ಅಡುಗೆ ಎಂದು ಕೇಳಿದ್ದರಿಂದ ಹುಳಿಯನ್ನವನ್ನು ಎರಡು ಡಬ್ಬಿಯಲ್ಲಿ ತರುತ್ತಿದ್ದರು. ಒಂದನ್ನು ಅಡುಗೆಮನೆಯಲ್ಲಿ ಸುಪ್ರಜಾಳಿಗೆ ಕೊಟ್ಟು, ಇನ್ನೊಂದನ್ನು ಮಹಡಿಯ ಮೆಟ್ಟಿಲ ಮೇಲೆ ಇಟ್ಟು, "ನಿನಗೂ ಇಟ್ಟಿದೀನಪ್ಪಾ, ನಾವು ಯಾರ ಪಕ್ಷಾನೂ ಅಲ್ಲ" ಎಂದು ಕೂಗಿ ಹೇಳಿ ಹೋಗುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಡೈನಿಂಗ್ ಟೇಬಲ್ಲಿಗೆ ಎರಡೂ ಡಬ್ಬಿ ತಂದು ಒಟ್ಟಿಗೆ ಕೂತು ತಿನ್ನುತ್ತಿದ್ದರು. ಮಾತು ಮಾತ್ರ ನಿಜವಾಗಿಯೂ ಕಡಿಮೆಯಾಗಿತ್ತು. ಅವಳು ಉಪ್ಪು ಕೇಳುತ್ತಿದ್ದಳು, ಅವನು ಕೊಡುತ್ತಿದ್ದ.

ಹನ್ನೆರಡು ದಿನ ಮಧುಸೂದನ ಒಬ್ಬನೇ ಕಚೇರಿಗೆ ಹೋದ. ಆಹಾ, ಏನು ಸುಖ! ಒಂಬತ್ತೂ ಹತ್ತಕ್ಕೆ ಹೊರಟು, ಎಲ್ಲೂ ನಿಲ್ಲದೆ, ಯಾರನ್ನೂ ಇಳಿಸದೆ, ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಮುಟ್ಟುತ್ತಿದ್ದ. ಗುನುಗಿಕೊಂಡು ಮನೆಗೆ ಬರುತ್ತಿದ್ದ. ಅದನ್ನು ನೋಡಿದ ಬೀದಿಯವರು, "ನೋಡಿ, ಹೆಂಡ್ತೀನ ಬಿಟ್ಮೇಲೆ ಮುಖದಲ್ಲಿ ಎಂಥ ಕಳೆ ಬಂದಿದೆ" ಎಂದು ಹಲ್ಲು ಕಡಿದರು. ವೀರಭದ್ರಯ್ಯನವರು ಪಾಪ, ಆಟೋ ಹಿಡಿದು ಹೋಗುತ್ತಿದ್ದರು. ನಾನು ನಡೆದುಕೊಂಡು ಬರುತ್ತಿದ್ದೆ. ನನಗೂ ಸಿಟ್ಟಿತ್ತು, ಯಾಕೆ ಮುಚ್ಚಿಡಲಿ?

ಹದಿಮೂರನೆಯ ದಿನ, ಶನಿವಾರ, ಟೌನ್ ಹಾಲ್ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಎ.ಎಸ್.ಐ. ಒಬ್ಬರು ಅವನನ್ನು ನಿಲ್ಲಿಸಿದರು. ಮೊದಲು ಸೈಲೆನ್ಸರ್ ನೋಡಿದರು. ಅದಕ್ಕೆ ದಂಡ ಬರೆಯುತ್ತಿದ್ದವರು ಆರ್.ಸಿ. ನೋಡಿ ಪೆನ್ನು ನಿಲ್ಲಿಸಿದರು.

"ಸೀಟಿಂಗ್ ಕೆಪಾಸಿಟಿ ಎರಡು ಅಂತ ಇದೆ. ಎರಡನೇದು ಎಲ್ಲಿ?"

"ಇಲ್ಲ ಸಾರ್."

"ಇಲ್ಲ ಅಂದ್ರೆ? ರೆಕಾರ್ಡಲ್ಲಿದೆಯಲ್ಲ. ರೆಕಾರ್ಡಲ್ಲಿರೋದು ಇರ್ಲೇಬೇಕು."

"ನಾನು ಒಬ್ನೇ ಓಡಾಡೋದು ಸಾರ್."

ಎ.ಎಸ್.ಐ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಲ್ಮೆಟ್ ತೆಗೆದ ತಲೆಯಲ್ಲಿ ನರೆ, ಹಣೆಯಲ್ಲಿ ಅಕ್ಷತೆ, ಬೆನ್ನಿನಲ್ಲಿ ಟಿಫಿನ್ ಬ್ಯಾಗು.

"ಮದುವೆ ಆಗಿದ್ಯೇನ್ರೀ?"

"ಆಗಿದೆ ಸಾರ್."

"ಮತ್ತೆ? ಹೆಂಡ್ತಿ ಎಲ್ಲಿ?"

ಹೀಗೆ ಕಾನೂನೂ ಸುಂದರಮ್ಮನವರೂ ಒಂದೇ ಪಕ್ಷವಾದರು. ಒಂದು ವಾರದೊಳಗೆ ಸೀಟು, ಸೈಲೆನ್ಸರ್ ಎರಡನ್ನೂ ಮೊದಲಿದ್ದ ಹಾಗೆ ಮಾಡಿಸಿ ತಂದು ತೋರಿಸಬೇಕೆಂದು ಹೇಳಿ ಅವರು ಬಿಟ್ಟರು. ಅದೇ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದಲ್ಲಿ ಕೂತಿದ್ದ ವೀರಭದ್ರಯ್ಯನವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಸಿಗ್ನಲ್ ಹಸಿರಾಯಿತು, ಆಟೋ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ತಿಳಿದುಹೋಯಿತು: ಮಧುಸೂದನನನ್ನು ಪೊಲೀಸರು ಹಿಡಿದು ಹೆಂಡತಿ ಎಲ್ಲಿ ಎಂದು ವಿಚಾರಿಸುತ್ತಿದ್ದಾರೆ. ಸುಂದರಮ್ಮನವರು ಓಡೋಡಿ ಬಂದು, ಚಾಮರಾಜಪೇಟೆಯ ಶಾಲೆಯಿಂದ ಪಾಠ ಮುಗಿಸಿ ಬಂದು ಸೊಪ್ಪು ಬಿಡಿಸುತ್ತಿದ್ದ ಸುಪ್ರಜಾಳನ್ನು ಮುಟ್ಟಿ ಮುಟ್ಟಿ ನೋಡಿ, "ಇದೀಯೇನೇ ತಾಯಿ!" ಎಂದು ಅತ್ತೇಬಿಟ್ಟರು.

ಇನ್ನು ಸುಮ್ಮನಿರಬಾರದೆಂದು ಅವತ್ತೇ ಸಂಜೆ ಸುಂದರಮ್ಮನವರ ಹಾಲಿನಲ್ಲಿ ಸಭೆ ಸೇರಿತು. ವೀರಭದ್ರಯ್ಯನವರು ಅಧ್ಯಕ್ಷರು. ಪೇಟೆಯಲ್ಲಿ ಅಣ್ಣತಮ್ಮಂದಿರ ಜಗಳ ಬಿಡಿಸಿ ಪಳಗಿದವರು. ಮಲ್ಲೇಶ್ವರದಿಂದ ಸುಪ್ರಜಾಳ ತಮ್ಮ ಮೂರ್ತಿ ಬಂದಿದ್ದ. ಜೇಬಿನಲ್ಲಿ ಲಾಯರ ವಿಸಿಟಿಂಗ್ ಕಾರ್ಡು ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡಿದ್ದ. ಎಲ್ಲರಿಗೂ ಕಾಫಿ ಬಂತು, ಮಧುಸೂದನನಿಗೆ ಸಕ್ಕರೆ ಕಡಿಮೆ.

"ಭಾವ, ನೇರವಾಗಿ ಕೇಳ್ತೀನಿ," ಎಂದ ಮೂರ್ತಿ. "ನಮ್ಮಕ್ಕ ಬೇಡ ಅಂತ ತಾನೇ ಈ ಗಾಡಿ ತಂದಿರೋದು?"

"ಹಾಗಲ್ಲ ಮೂರ್ತಿ..."

"ಮತ್ತೆ ಹೇಗೆ? ಹೇಳಪ್ಪ ಮಧೂ," ಎಂದರು ಸುಂದರಮ್ಮನವರು. "ಹದಿನೆಂಟು ವರ್ಷದಿಂದ ಬಂಗಾರದಂಥ ಸ್ಕೂಟರ್ ಇಟ್ಕೊಂಡು, ಒಂದು ದಿನ ಮುಖ ಸಿಂಡರಿಸದೇ ಎಲ್ಲರನ್ನೂ ಕೂರಿಸ್ಕೊಂಡು ಓಡಾಡ್ತಿದ್ದೆ. ಅಂಥವನಿಗೆ ಇದ್ದಕ್ಕಿದ್ದ ಹಾಗೆ ಹಿಂದಿನ ಸೀಟು ಯಾಕೆ ಬೇಡವಾಯ್ತು?"

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಮಧುಸೂದನ ತಲೆ ಎತ್ತಿದ. ಎದುರಿಗೆ ಸುಂದರಮ್ಮನವರ ಮುಖ. ಬಲಕ್ಕೆ ವೀರಭದ್ರಯ್ಯನವರ ವಿಭೂತಿ. ನನ್ನ ಕಡೆ ತಿರುಗಿದ. ನಾನಾದರೂ ಹೇಳಬಹುದಿತ್ತು. ಆದರೆ ಹಿರಿಯರ ಮುಂದೆ ಹೇಗೆ ಹೇಳುವುದು ಸ್ವಾಮಿ? ನಾನು ಕಾಫಿ ಲೋಟದ ತಳ ನೋಡಿದೆ.

ವೀರಭದ್ರಯ್ಯನವರು ಗಂಟಲು ಸರಿಪಡಿಸಿಕೊಂಡು, "ಸಂಕೋಚ ಬೇಡ. ಬೇರೆ ಏನಾದ್ರೂ ಕಾರಣ ಇದ್ರೆ ಹೇಳಿ. ಇಲ್ಲಾ ಅಂದ್ರೆ ಈಕೆ ಬೇಡ ಅಂತಾನೇ ನಾವು ತಿಳ್ಕೋಬೇಕಾಗುತ್ತೆ" ಎಂದರು.

ಮಧುಸೂದನ ಬೆವರು ಒರೆಸಿಕೊಂಡು, "ಹಾಗೇ ತಿಳ್ಕೊಳ್ಳಿ ಸಾರ್," ಎಂದ.

ಕೇಳಿದಿರಾ? ಡ್ರಾಪ್ ಕೊಡಲು ಇಷ್ಟವಿಲ್ಲ ಎಂದು ಹೇಳುವುದಕ್ಕಿಂತ ಹೆಂಡತಿ ಬೇಡ ಎಂದು ಒಪ್ಪಿಕೊಳ್ಳುವುದು ಅವನಿಗೆ ಸಲೀಸಾಗಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಗಾದೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಕಣ್ಣೆದುರು ಕೂತಿದ್ದನ್ನು ನೋಡಿದ್ದು ಅವತ್ತೇ. ಮೂರ್ತಿ ವಿಸಿಟಿಂಗ್ ಕಾರ್ಡ್ ಪೂರ್ತಿ ಹೊರತೆಗೆದ.

ಆಗ ಬಾಗಿಲ ಹತ್ತಿರ ನಿಂತಿದ್ದ ಸುಪ್ರಜಾ ಒಳಗೆ ಬಂದಳು. ಜೋರಾಗಿ ಮಾತಾಡುವ ಹೆಣ್ಣಲ್ಲ. ಅವತ್ತೂ ಜೋರಾಗಿ ಮಾತಾಡಲಿಲ್ಲ.

"ಎಲ್ಲರೂ ನನ್ನ ಸೀಟು ಹೋಯ್ತು, ನನ್ನ ಸೀಟು ಹೋಯ್ತು ಅಂತೀರಲ್ಲ, ಯಾವ ಸೀಟು? ನನ್ನ ಸ್ಕೂಲು ಇವರ ದಾರೀಲೇ ಇದೆ. ಹದಿನೆಂಟು ವರ್ಷದಿಂದ ನಾನು ಬಸ್ಸಲ್ಲಿ ಹೋಗ್ತಿದೀನಿ. ಆ ಸ್ಕೂಟರ್ ಹಿಂದೆ ನಾನು ಕೂತಿರೋದು ಹನ್ನೊಂದು ಸಲ. ಒಂಬತ್ತು ಸಲ ದಾರೀಲಿ ಇಳಿದಿದೀನಿ. ಯಾರಾದ್ರೂ ನಿಂತಿರ್ತಾ ಇದ್ರು, ಇವರು ಗಾಡಿ ನಿಲ್ಲಿಸ್ತಿದ್ರು, ನಾನು ಇಳೀತಿದ್ದೆ. ಒಂದು ಸಲ ಜ್ವರ ಇತ್ತು, ಆಸ್ಪತ್ರೆಗೆ ಹೊರಟಿದ್ವಿ. ಆಶ್ರಮದ ಹತ್ತಿರ ಇಳಿಸಿ, ಐದು ನಿಮಿಷ ಬಂದ್ಬಿಟ್ಟೆ ಅಂತ ಹೋದ್ರು. ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತಿದ್ದೆ." ಅಷ್ಟು ಹೇಳಿ ಗಂಡನ ಕಡೆ ತಿರುಗಿದಳು. "ಎಲ್ಲರನ್ನೂ ಇಳಿಸ್ಬೇಕು ಅಂತ ಹೊಸ ಗಾಡಿ ತಂದ್ರಿ. ಸರಿ. ಇನ್ನಾದ್ರೂ ಇವಳು ಕೂರಬಹುದು ಅಂತ ಒಂದು ಸಲ ಅನ್ನಿಸ್ಲಿಲ್ವಲ್ರೀ ನಿಮಗೆ. ನನಗೆ ಅದೊಂದೇ ಬೇಜಾರು."

ಮಧುಸೂದನನ ಮುಖ ನೋಡಲಾಗುತ್ತಿರಲಿಲ್ಲ. ನನಗೂ ನಾಚಿಕೆಯಾಯಿತು, ಸುಳ್ಳೇಕೆ. ಉಳಿದವರಿಗೆ ಆಯಿತೋ ಎಂದರೆ, ಇಲ್ಲ. ಸುಂದರಮ್ಮನವರು ಕಣ್ಣೊರೆಸಿಕೊಂಡು, "ಜನಕ್ಕೆ ಸ್ವಲ್ಪವೂ ವಿವೇಚನೆ ಬೇಡ್ವೇನೇ? ಜ್ವರ ಬಂದ ಹೆಂಗಸನ್ನ ಇಳಿಸಿ ಹತ್ತೋರು ಎಂಥ ಜನ ಇರ್ಬೇಕು! ಯಾರೇ ಅದು?" ಎಂದು ಕೇಳಿದರು. ಸುಪ್ರಜಾ ಖಾಲಿ ಕಾಫಿ ಲೋಟಗಳನ್ನು ಜೋಡಿಸತೊಡಗಿದಳು. ಆ ಜ್ವರದ ದಿನ ಗುರುವಾರವಾಗಿತ್ತೆಂದು ನನಗೆ ಆಮೇಲೆ ಮಧುಸೂದನ ಹೇಳಿದ.

ಸಭೆ ತೀರ್ಮಾನ ಮಾಡಿತು. ಹಿಂದಿನ ಸೀಟು ಹಾಕಿಸತಕ್ಕದ್ದು, ಸುಪ್ರಜಾ ಅದರ ಮೇಲೆ ಕೂತು ಶಾಲೆಗೆ ಹೋಗತಕ್ಕದ್ದು. ಎ.ಎಸ್.ಐ. ಹೇಳಿದ್ದೂ ಅದನ್ನೇ. ಭಾನುವಾರ ಕಶ್ಯಪ್ ತನ್ನ ಅಟ್ಟದ ಮೇಲಿದ್ದ ಹಳೇ ಸೀಟು, ಕಾಲಿಡುವ ಕಂಬಿ ಎಲ್ಲ ತಂದು ಹಾಕಿಕೊಟ್ಟ. ಹಳೇ ಸೈಲೆನ್ಸರ್ ಮೈಸೂರಿನ ಗೆಳೆಯನ ಹತ್ತಿರ ಇದೆ, ಬುಧವಾರ ಬರುತ್ತೆ ಎಂದ. ಸೀಟು ಎಂದರೆ ಅದೇನು ಸೀಟು ಸ್ವಾಮಿ, ಒಂದು ಸಣ್ಣ ಮಣೆಯಷ್ಟು, ಅದೂ ಅಟ್ಟದೆತ್ತರದಲ್ಲಿ. ಆದರೂ ಸೀಟು ಸೀಟೇ.

ಸೋಮವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಇಡೀ ಅಡ್ಡರಸ್ತೆ ಗೇಟಿಗೆ ಬಂದು ನಿಂತಿತ್ತು. ಸುಪ್ರಜಾ ಹೊಸ ಚೂಡಿದಾರ ಹಾಕಿ, ಕಾಂಪೌಂಡ್ ಗೋಡೆ ಹತ್ತಿ, ಅಲ್ಲಿಂದ ಸೀಟಿಗೆ ಇಳಿದು ಕೂತಳು. ಸುಂದರಮ್ಮನವರು ದೃಷ್ಟಿ ತೆಗೆದರು. ಗಾಡಿ ಗುಡುಗಿಕೊಂಡು ಹೊರಟಿತು.

ತಿರುವಿನಲ್ಲಿ ವೀರಭದ್ರಯ್ಯನವರು ನಿಂತಿದ್ದರು. ಬಿಳೀ ಪಂಚೆ, ವಿಭೂತಿ, ಊಟದ ಚೀಲ.

ಮಧುಸೂದನನ ಕಾಲು ಬ್ರೇಕ್ ಒತ್ತಿತು. ಗಾಡಿ ನಿಂತಿತು. ಬೆನ್ನ ಹಿಂದೆ ಸುಪ್ರಜಾ, ಯಾರೂ ಹೇಳದೆಯೇ, ಇಳಿಯಲು ಒಂದು ಕಾಲು ಎತ್ತಿದಳು. ಅದನ್ನು ಅವನು ಕನ್ನಡಿಯಲ್ಲಿ ನೋಡಿದ. ನಾನು ನನ್ನ ಗೇಟಿನಿಂದ ಅವನ ಮುಖ ನೋಡುತ್ತಿದ್ದೆ. ಆ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಒಂದು ಕೈ ಹಿಂದೆ ಚಾಚಿ ಅವಳ ಮೊಣಕಾಲು ಒತ್ತಿ ಹಿಡಿದ. ಅವನ ತುಟಿಗಳು ಆಡಿದವು.

"ಏನಂದ್ರಿ?" ಎಂದು ವೀರಭದ್ರಯ್ಯನವರು ಕಿವಿಗೆ ಕೈ ಹಿಡಿದರು. ಆ ಸೈಲೆನ್ಸರಿನ ಅಬ್ಬರದಲ್ಲಿ ಏನು ಕೇಳಿಸೀತು?

ಅವನು ಇನ್ನೊಮ್ಮೆ ಹೇಳಿದ.

"ಕೇಳಿಸ್ತಿಲ್ರೀ! ಜೋರಾಗಿ ಹೇಳಿ!"

ಹುಟ್ಟಿದಾರಭ್ಯ ಒಂದು ಸಲ ಹೇಳದ ಮಾತನ್ನು ಪಾಪಿ ಎರಡು ಸಲ ಹೇಳಿದ್ದ, ಎರಡೂ ವ್ಯರ್ಥ. ಮಧುಸೂದನ ಎಂಜಿನ್ ಆರಿಸಿದ. ಬೀದಿ ಗಪ್‌ಚಿಪ್ಪಾಯಿತು. ಕಣ್ಣು ಮುಚ್ಚಿಕೊಂಡು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನಂತೆ ಕೂಗಿದ.

"ಆಗಲ್ಲ ಸಾರ್!"

"ರಾಮ ರಾಮಾ," ಎಂದರು ನನ್ನ ಪಕ್ಕದಲ್ಲಿದ್ದ ಸುಂದರಮ್ಮನವರು.

"ಆಗಲ್ವೇ?" ಎಂದರು ವೀರಭದ್ರಯ್ಯನವರು.

"ಆಗಲ್ಲ ಸಾರ್. ಇವಳನ್ನ ಬಿಡ್ಬೇಕು."

"ನಾಳೆ?"

"ನಾಳೇನೂ ಆಗಲ್ಲ ಸಾರ್."

"ಇನ್ನು ಯಾವತ್ತೂ?"

ಮಧುಸೂದನನ ಕಣ್ಣಲ್ಲಿ ನೀರು ತುಂಬಿತ್ತು. ತಲೆ ಅಲ್ಲಾಡಿಸಿದ.

ವೀರಭದ್ರಯ್ಯನವರು ಚೀಲವನ್ನು ಕೆಳಗಿಟ್ಟರು. ಎರಡು ಕೈಯಿಂದ ಸೊಂಟ ಹಿಡಿದು ನೆಟ್ಟಗೆ ನಿಂತರು. "ಶಿವನೇ," ಎಂದರು. "ಈ ಮಾತು ಹದಿನೆಂಟು ವರ್ಷದ ಹಿಂದೆ ಹೇಳೋಕೆ ಏನಾಗಿತ್ರೀ ನಿಮಗೆ?"

"ಸಾರ್?"

"ನಮ್ಮ ಅಂಗಡಿ ಬಾಗಿಲು ತೆಗೆಯೋದು ಹನ್ನೊಂದಕ್ಕೆ. ಒಂದು ದಿನ ಏನೋ ಕೆಲಸ ಇದ್ದು ಬೇಗ ಹೊರಟು ನಿಂತಿದ್ದೆ. ನೀವು ಗಾಡಿ ನಿಲ್ಸಿ ಬನ್ನಿ ಸಾರ್ ಅಂದ್ರಿ. ಹೇಗೆ ಬೇಡ ಅನ್ನೋದು? ಹತ್ತಿದೆ. ಮಾರನೇ ದಿನ ನಮ್ಮನೆ ಮುಂದೆ ಬಂದು ಹಾರನ್ ಹೊಡೆದ್ರಿ. ಇಷ್ಟು ಪ್ರೀತಿಯಿಂದ ಕರೀತಾರಲ್ಲ, ಕಾಯಿಸಬಾರದು ಅಂತ ಮೂರನೇ ದಿನದಿಂದ ಇಲ್ಲಿ ಬಂದು ನಿಲ್ಲೋಕೆ ಶುರು ಮಾಡ್ದೆ. ಒಂಬತ್ತೂವರೆಗೆ ನೀವು ಇಳಿಸಿ ಹೋಗ್ತಿದ್ರಿ. ಹನ್ನೊಂದರ ತನಕ ಮುಚ್ಚಿದ ಅಂಗಡಿ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ಹದಿನೆಂಟು ವರ್ಷ! ನಿಮ್ಮ ಸ್ಕೂಟರಲ್ಲಿ ಕೂತು ಕೂತು ನನ್ನ ಸೊಂಟದ ಎರಡು ಮಣಿ ಸವೆದಿದೆ ಅಂತ ಡಾಕ್ಟ್ರು ಹೇಳಿದಾರೆ. ಈ ಹದಿನೈದು ದಿನ, ಮೊನ್ನೆ ಬ್ಯಾಂಕಿಗೆ ಅಂತ ಬೇಗ ಹೊರಟಿದ್ದೊಂದು ಬಿಟ್ರೆ, ನಿದ್ದೆ ಮಾಡಿ ಎದ್ದು, ಪೂಜೆ ಮಾಡಿ, ಆರಾಮಾಗಿ ಆಟೋದಲ್ಲಿ ಹೋಗ್ತಿದ್ದೆ. ನಿನ್ನೆ ಸೀಟು ಹಾಕ್ಸಿದ್ರಿ. ನಾನು ಬರದೇ ಇದ್ರೆ ನೀವೆಲ್ಲಿ ನೊಂದ್ಕೋತೀರೋ ಅಂತ ಇವತ್ತು ಮತ್ತೆ ಬಂದು ನಿಂತೆ."

ಮಧುಸೂದನ ಆ ಹಿರಿಯರ ಸೊಂಟ ನೋಡಿದ, ಚೀಲ ನೋಡಿದ, ಮುಚ್ಚಿದ ಅಂಗಡಿಯ ಮೆಟ್ಟಿಲು ಅವನ ಕಣ್ಣಿಗೆ ಕಟ್ಟಿರಬೇಕು.

"ಅಯ್ಯಯ್ಯೋ, ಎಂಥ ಕೆಲಸ ಆಗ್ಹೋಯ್ತು ಸಾರ್! ಬೇಜಾರು ಮಾಡ್ಕೋಬೇಡಿ. ಇವತ್ತೊಂದು ದಿನ ಬನ್ನಿ ಸಾರ್, ಬಿಟ್ಬಿಡ್ತೀನಿ. ಸುಪ್ರಜಾ, ಸ್ವಲ್ಪ..."

ವೀರಭದ್ರಯ್ಯನವರ ಮುಖ ಇಳಿದುಹೋಯಿತು. ನಿಧಾನವಾಗಿ ಬಗ್ಗಿ ಚೀಲ ಎತ್ತಿಕೊಂಡರು. "ನೀವು ಅಷ್ಟು ಹೇಳೋವಾಗ..." ಎಂದು ಪಂಚೆಯ ಚುಂಗು ಹಿಡಿದು, ಆ ಎತ್ತರದ ಸೀಟನ್ನು ನೋಡುತ್ತಾ, ಒಂದು ಕಾಲು ಮುಂದಿಟ್ಟರು.

"ಯಾರೂ ಹತ್ತಲ್ಲ, ಯಾರೂ ಇಳಿಯಲ್ಲ," ಎಂದಳು ಸುಪ್ರಜಾ ಮೇಲಿನಿಂದ. "ರೀ, ಸ್ಟಾರ್ಟ್ ಮಾಡಿ."

ಇಟಲಿ ಗಾಡಿ ಒಮ್ಮೆ ಗುಡುಗಿ ಚಾಮರಾಜಪೇಟೆಯ ಕಡೆ ಹೋಯಿತು. ವೀರಭದ್ರಯ್ಯನವರು ಅದು ಹೋದ ದಿಕ್ಕಿಗೆ ಎರಡೂ ಕೈ ಎತ್ತಿ ಮುಗಿದರು.

"ನೂರು ಕಾಲ ತಣ್ಣಗಿರು ತಾಯಿ," ಎಂದು ಹೇಳಿ, ಇನ್ನೊಂದು ಲೋಟ ಕಾಫಿ ಕುಡಿಯಲು ಮನೆಗೆ ಹೋದರು.